ಯಕೃತ್ತಿನ ಗಡ್ಡೆ ಪತ್ತೆಗೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳಲ್ಲಿ ಸ್ಕ್ಯಾನಿಂಗ್ ವರದಿಯನ್ನು ಹಿಡಿದು ಪಂಚಾಯಿತಿ ಸದಸ್ಯರ ಮನೆಬಾಗಿಲಿಗೆ ಬರುವವರು ಹೊಸಬರೇನಲ್ಲ. ಯಕೃತ್ತಿನಲ್ಲಿ ಗಡ್ಡೆಯಂತಹುದು ಕಂಡಿದೆ ಎಂಬ ಒಂದು ಸಾಲನ್ನು ಓದಿ ಕೆಲವರು ಕ್ಯಾನ್ಸರೆಂದೇ ತೀರ್ಮಾನಿಸಿ ಕೈಚೆಲ್ಲುತ್ತಾರೆ. ಇನ್ನು ಕೆಲವರು ನೋವಿಲ್ಲವೆಂದು ವರದಿಯನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಎರಡೂ ಅಪಾಯಕರ.

ಯಕೃತ್ತಿನ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ರಕ್ತನಾಳಗಳ ಗಂಟಾದ ಹಿಮಾಂಜಿಯೋಮಾ ಸಾಮಾನ್ಯವಾಗಿ ಕಂಡುಬರುವಂತಹುದು, ಬಹುಪಾಲು ನಿರುಪದ್ರವಿ. ಸಾಧಾರಣ ಅಲ್ಟ್ರಾಸೌಂಡ್ ಗಡ್ಡೆಯಿರುವುದನ್ನು ತೋರಿಸಬಲ್ಲುದು; ಅದರ ಬಗೆಯನ್ನು ಹಲವು ವೇಳೆ ಹೇಳಲಾರದು.

ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ ಸೂಕ್ಷ್ಮ ಗುಳ್ಳೆಗಳ ದ್ರವವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಕೆಂಪು ರಕ್ತಕಣಕ್ಕಿಂತ ಚಿಕ್ಕವಾದ ಈ ಗುಳ್ಳೆಗಳು ರಕ್ತನಾಳದಿಂದ ಹೊರಹೋಗದೆ, ಶಬ್ದತರಂಗ ತಾಗಿದಾಗ ಕಂಪಿಸಿ ಪ್ರಬಲವಾಗಿ ಪ್ರತಿಧ್ವನಿಸುತ್ತವೆ. ಆರೋಗ್ಯವಂತ ಯಕೃತ್ತಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ ದೊರೆಯುತ್ತದೆ. ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆಯಾದರೋ ಮುಖ್ಯವಾಗಿ ಅಪಧಮನಿಯ ರಕ್ತವನ್ನು ಹೀರುತ್ತದೆ. ಹೀಗಾಗಿ ಅದು ಮೊದಲ ಅರ್ಧ ನಿಮಿಷದಲ್ಲಿ ಸುತ್ತಲಿಗಿಂತ ಹೆಚ್ಚು ಬೆಳಗಿ, ಸಾಮಾನ್ಯವಾಗಿ ಒಂದು ನಿಮಿಷ ಕಳೆದ ಮೇಲೆ ಮೆಲ್ಲಗೆ ಮಂಕಾಗುತ್ತದೆ. ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಇನ್ನೂ ಬೇಗ ಮಂಕಾಗುತ್ತದೆ. ಹಿಮಾಂಜಿಯೋಮಾ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಂಡು ಹಾಗೆಯೇ ಉಳಿಯುತ್ತದೆ. ವೈದ್ಯರು ಇದನ್ನೆಲ್ಲ ಪರದೆಯ ಮೇಲೆ ಆ ಕ್ಷಣದಲ್ಲೇ ಕಾಣುತ್ತಾರೆ.

ಅನಿಲವು ಉಸಿರಿನೊಡನೆ ಹೊರಹೋಗುವುದರಿಂದ ಮೂತ್ರಪಿಂಡಕ್ಕೆ ಹೊರೆಯಿಲ್ಲ; ವಿಕಿರಣವೂ ಇಲ್ಲ. ಮೂತ್ರಪಿಂಡದ ತೊಂದರೆಯಿಂದಾಗಿ ಸಿ.ಟಿ. ಸ್ಕ್ಯಾನಿನ ಔಷಧಕ್ಕೆ ಹಿಂಜರಿಯುವವರಿಗೆ ಇದು ದೊಡ್ಡ ಅನುಕೂಲ. ಅಲರ್ಜಿ ವಿರಳವಾದರೂ ಸಂಭವಿಸಬಹುದು. ಹಿಂದಿನ ಅಲರ್ಜಿ, ಇತ್ತೀಚಿನ ಹೃದಯಾಘಾತಗಳನ್ನು ಮೊದಲೇ ತಿಳಿಸಬೇಕು. ಸ್ಥೂಲಕಾಯದವರಲ್ಲಿ, ಆಳದ ಗಡ್ಡೆಗಳಲ್ಲಿ ಚಿತ್ರ ಅಸ್ಪಷ್ಟವಾಗಬಹುದು. ಆಗ ಸಿ.ಟಿ., ಎಂ.ಆರ್.ಐ., ಕೆಲವೊಮ್ಮೆ ಬಯಾಪ್ಸಿಯೂ ಬೇಕಾಗುತ್ತದೆ.

ಅಲ್ಟ್ರಾಸೌಂಡ್ ಯಂತ್ರವಿರುವಲ್ಲೆಲ್ಲ ಈ ಪರೀಕ್ಷೆ ನಡೆಯದು. ಅದಕ್ಕೆ ಪ್ರತ್ಯೇಕ ತಂತ್ರಾಂಶವೂ ಪಳಗಿದ ತಜ್ಞರೂ ಬೇಕು. ನಮ್ಮ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೊರಟರೆ ಒಂದು ದಿನದ ಕೂಲಿಯೂ ಬಾಡಿಗೆಯೂ ಹೋದಂತೆಯೇ. ಆದುದರಿಂದ ಪರೀಕ್ಷೆ ಅಲ್ಲಿ ಲಭ್ಯವೇ ಎಂದು ದೂರವಾಣಿಯಲ್ಲಿ ವಿಚಾರಿಸಿ, ಹಳೆಯ ವರದಿಗಳನ್ನೂ ತಾಲ್ಲೂಕು ಆಸ್ಪತ್ರೆಯ ಶಿಫಾರಸು ಪತ್ರವನ್ನೂ ಪಡಿತರ ಚೀಟಿಯನ್ನೂ ಜೊತೆಗೊಯ್ಯುವಂತೆ ಸದಸ್ಯರು ತಿಳಿಹೇಳಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಈ ಪರೀಕ್ಷೆಯ ವೆಚ್ಚ ಅದರಲ್ಲಿ ಸೇರುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಮೊದಲೇ ಕೇಳಿಕೊಳ್ಳತಕ್ಕದ್ದು.

ಯಕೃತ್ತು ಗಟ್ಟಿಕಟ್ಟಿದ ಸಿರೋಸಿಸ್ ರೋಗಿಗಳೂ, ವೈದ್ಯರು ಸೂಚಿಸಿದ ಹೆಪಟೈಟಿಸ್ ಬಿ ಸೋಂಕಿತರೂ 6 ತಿಂಗಳಿಗೊಮ್ಮೆ ಸಾಧಾರಣ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಔಷಧಗಳು ಉಚಿತ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಆಶಾ ಕಾರ್ಯಕರ್ತೆಯರೊಡನೆ ಚರ್ಚಿಸಬಹುದು. ಆದರೆ ಸೋಂಕಿತರ ಹೆಸರನ್ನು ಯಾವ ಸಭೆಯಲ್ಲಿಯೂ ಎತ್ತಬಾರದು. ಹೆಸರು ಹೊರಬಿದ್ದರೆ ಮುಂದಿನವರು ಪರೀಕ್ಷೆಗೇ ಬರುವುದಿಲ್ಲ.