ಎಳೆಯುವ ಬಲ, ತಡೆಯುವ ಬಲ

ಕಬ್ಬು ಅರೆಯುವ ಕಾಲ ಬಂದಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳ ರೂಪವೇ ಬದಲಾಗುತ್ತದೆ. ಆಳೆತ್ತರಕ್ಕೂ ಮೀರಿ ಕಬ್ಬು ಹೇರಿದ ಟ್ರೇಲರುಗಳನ್ನು ಎಳೆದುಕೊಂಡು ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು ಕಟ್ಟುವುದೂ ಅಲ್ಲಿ ಅಪರೂಪವಲ್ಲ. ‘ಎಷ್ಟು ಎಳೆಯುತ್ತದಪ್ಪ!’ ಎಂದು ನೋಡಿದವರು ಬೆರಗಾಗುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಬೇಕೆಂದಾಗ ಅದು ನಿಲ್ಲುತ್ತದೆಯೇ?

ಸಾಧಾರಣವಾದ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್ನು. ಹಿಂದಿನ ಹೊರೆ ಅದರ ನಾಲ್ಕೈದು ಪಟ್ಟು ಇರುವುದುಂಟು. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಎಂದರೆ, ಹತ್ತು ಟನ್ನಿನ ಓಟವನ್ನು ಎರಡು ಗಾಲಿಗಳು ತಡೆಯಬೇಕು. ತಡೆಯಲಾರದೆ ಹೋದಾಗ ಎಳೆಯಿಸಿಕೊಳ್ಳುತ್ತಿದ್ದ ಟ್ರೇಲರು ತಾನೇ ತಳ್ಳತೊಡಗುತ್ತದೆ. ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಿ ಮಗುಚಿಹಾಕುತ್ತದೆ. ವೇಗದ ಲೆಕ್ಕವನ್ನೂ ಇಲ್ಲಿ ಮರೆಯಬಾರದು. ಗಂಟೆಗೆ 15 ಕಿಲೋಮೀಟರಿನ ಓಟವನ್ನು 30ಕ್ಕೆ ಏರಿಸಿದರೆ, ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಹೇರುವ ಕ್ರಮವನ್ನು ಎತ್ತಿನ ಗಾಡಿ ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ; ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಹಿಂಭಾರವಾದಾಗ ಟ್ರ್ಯಾಕ್ಟರಿನ ಹಿಂಗಾಲಿಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಮುಂಭಾರ ಅತಿಯಾದರೆ ಮುಂದಿನ ಗಾಲಿಗಳು ಹಗುರಾಗಿ, ಚಕ್ರ ತಿರುಗಿಸಿದರೂ ಬಂಡಿ ತಿರುಗದು. ಆದುದರಿಂದ ಹೊರೆಯ ಹೆಚ್ಚಿನ ಪಾಲು ಅಚ್ಚಿನ ಮೇಲೆ ಬಿದ್ದು, ಸ್ವಲ್ಪ ಭಾರ ಮಾತ್ರ ಮುಂದಕ್ಕೆ ಒರಗಿರಬೇಕು. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು.

ಇನ್ನು ಕೀಲಿನ ಮಾತು. ಬಂಡಿಯ ಕಡೆಗೀಲನ್ನು ನಮ್ಮ ಶಿವಶರಣರು ವಚನಗಳಲ್ಲಿಯೂ ನೆನೆದಿದ್ದಾರೆ. ಬೆರಳುದ್ದದ ಆ ಕೀಲು ಬಿದ್ದರೆ ಗಾಲಿಯೇ ಕಳಚುವುದು. ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಕೂಡಿಸುವ ಪಿನ್ನೂ ಅಂತಹುದೇ. ಮುರಿದ ಕಬ್ಬಿಣದ ಸಲಾಕಿಯನ್ನೋ ಸವೆದ ಬೋಲ್ಟನ್ನೋ ಅಲ್ಲಿಗೆ ತೂರಿಸಿ ಹೊರಡುವವರಿದ್ದಾರೆ. ತಕ್ಕ ಅಳತೆಯ ಪಿನ್ನು, ಅದು ಮೇಲಕ್ಕೆ ಹಾರದಂತೆ ಕೆಳಗೊಂದು ಅಡ್ಡಕೀಲು, ಅಕಸ್ಮಾತ್ ಅದೂ ತಪ್ಪಿದರೆ ಹಿಡಿದುಕೊಳ್ಳಲು ಗಟ್ಟಿ ಸರಪಳಿ — ಈ ಮೂರೂ ಇರಲೇಬೇಕು. ಟ್ರೇಲರನ್ನು ಅದಕ್ಕೆಂದೇ ಇರುವ ತಗ್ಗಿನ ಕೊಂಡಿಗೇ ಕಟ್ಟಬೇಕು. ಮೇಲಕ್ಕೆ ಕಟ್ಟಿ ಏರಿನಲ್ಲಿ ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಬೀಳಬಹುದು.

ಟ್ರ್ಯಾಕ್ಟರಿನಲ್ಲಿ ಎಡ ಬಲ ಗಾಲಿಗಳಿಗೆ ಬೇರೆಬೇರೆ ಬ್ರೇಕಿನ ಪೆಡಲುಗಳಿರುತ್ತವೆ. ಹೊಲದಲ್ಲಿ ಇಕ್ಕಟ್ಟಾಗಿ ತಿರುಗಿಸಲು ಅದು ಅನುಕೂಲ. ರಸ್ತೆಯಲ್ಲಿ ಅದೇ ಅಪಾಯ. ಒಂದು ಪಕ್ಕದ ಗಾಲಿ ಮಾತ್ರ ನಿಂತರೆ ಗಾಡಿ ಆ ಕಡೆಗೆ ಹೊರಳುತ್ತದೆ. ರಸ್ತೆಗೆ ಇಳಿಯುವ ಮೊದಲು ಅವೆರಡನ್ನೂ ಕೊಂಡಿಯಿಂದ ಜೋಡಿಸಿರಿ. ಇಳಿಜಾರು ಬಂದಾಗ ಡೀಸೆಲ್ ಉಳಿಯಲೆಂದು ಗೇರು ತಪ್ಪಿಸಿ ಬಿಡಬೇಡಿರಿ. ಇಳಿಯುವ ಮೊದಲೇ ತಗ್ಗಿನ ಗೇರು ಹಾಕಿದರೆ ಎಂಜಿನ್ನೇ ಓಟವನ್ನು ಹಿಡಿದು ನಿಲ್ಲಿಸುತ್ತದೆ.

ಕಡೆಯದಾಗಿ, ಬೇರೆಯವರ ಜೀವದ ಮಾತು. ಕತ್ತಲಲ್ಲಿ ರಸ್ತೆಯ ಅಂಚಿಗೆ ದೀಪವಿಲ್ಲದೆ ನಿಂತ ಟ್ರೇಲರು ಬೈಕಿನವನಿಗೆ ಕಾಣುವುದೇ ಇಲ್ಲ. ಕಂಡಾಗ ಹೊತ್ತು ಮೀರಿರುತ್ತದೆ. ಹಿಂಬದಿಗೆ ಕೆಂಪು ದೀಪವೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯೂ ಇರಬೇಕು. ಜೋತುಬಿದ್ದ ಸೋಗೆ ಅವನ್ನು ಮುಚ್ಚಬಾರದು. ಗಾಲಿಗೆ ಅಡ್ಡವಿಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗಬಾರದು. ಮಡ್‌ಗಾರ್ಡಿನ ಮೇಲಾಗಲಿ ಹೊರೆಯ ಮೇಲಾಗಲಿ ಜನರನ್ನು ಕೂರಿಸಿಕೊಳ್ಳಬಾರದು.

ಶಾಲೆ ಬಿಟ್ಟ ಹುಡುಗರು ಓಡುವ ಟ್ರೇಲರಿನ ಬೆನ್ನುಹತ್ತಿ ಕಬ್ಬು ಎಳೆಯುವುದನ್ನು ನೀವೂ ಕಂಡಿರಬಹುದು. ನಾವೂ ಬಾಲ್ಯದಲ್ಲಿ ಎತ್ತಿನ ಗಾಡಿಯ ಹಿಂದೆ ಓಡಿದವರೇ. ಆದರೆ ಕಾಲು ಜಾರಿದರೆ ಗಾಡಿಯವನು ಎತ್ತುಗಳನ್ನು ಹಿಡಿದು ನಿಲ್ಲಿಸುತ್ತಿದ್ದ. ಇಂದಿನ ಚಾಲಕನಿಗೆ ಹೊರೆಯ ಹಿಂದಿರುವ ಹುಡುಗ ಕಾಣಿಸುವುದೂ ಇಲ್ಲ, ಕೂಗಿದರೆ ಕೇಳಿಸುವುದೂ ಇಲ್ಲ. ಮಗುವಿಗೆ ಒಂದು ಜಲ್ಲೆಯ ಆಸೆಯಾದರೆ, ಗಾಡಿ ಹೊಲದಲ್ಲಿ ನಿಂತಿರುವಾಗಲೇ ರೈತನು ಮುರಿದುಕೊಟ್ಟಾನು. ಅದರಿಂದ ಆತನಿಗೆ ಬಡತನ ಬಾರದು.