ದಾಖಲೆ ಪುಸ್ತಕದಿಂದ ಪಾಸ್‌ವರ್ಡಿಗೆ: ಬದಲಾಗುತ್ತಿರುವ ಸಂಘಗಳ ಸಾರಥ್ಯ

ಬೊರಿವಲಿ: ವಾರ್ಷಿಕ ಮಹಾಸಭೆಯ ನೋಟೀಸು ಹಂಚುವುದೆಂದರೆ ಒಂದು ಕಾಲದಲ್ಲಿ ಸಂಘದ ಕಾರ್ಯದರ್ಶಿಗೆ ಎರಡು ಮೂರು ರವಿವಾರಗಳ ಕೆಲಸ. ಕೈಯಲ್ಲಿ ಸದಸ್ಯರ ವಿಳಾಸದ ಪುಸ್ತಕ ಹಿಡಿದು ಬಾಭಯಿ ನಾಕಾ, ವಜೀರ ನಾಕಾ, ಐ.ಸಿ. ಕಾಲೊನಿ ಸುತ್ತಿ, ಹಳಿ ದಾಟಿ ಪೂರ್ವದ ಕುಲುಪ್‌ವಾಡಿಗೂ ಹೋಗಬೇಕಿತ್ತು. ಹೋದ ಮನೆಯಲ್ಲಿ ಒಂದು ಲೋಟ ಚಹಾ, ಮಗನ ನೌಕರಿಯ ವಿಚಾರ, ಊರಲ್ಲಿರುವ ತಾಯಿಯ ಆರೋಗ್ಯ, ಮಗಳ ಸಂಬಂಧದ ಮಾತು. ಇಂದು ಅದೇ ನೋಟೀಸು ಒಂದೇ ನಿಮಿಷದಲ್ಲಿ ಎಲ್ಲರ ಮೊಬೈಲಿಗೆ ತಲಪುತ್ತದೆ. ಆದರೆ ಆ ಚಹಾದ ಮಾತು ಕಾರ್ಯದರ್ಶಿಯ ಕಿವಿಗೆ ಬೀಳುತ್ತಿಲ್ಲ.

ಮಹಾನಗರದ ತುಳು-ಕನ್ನಡಿಗರ ಸಂಘಟನೆಗಳಿಗೆ ದೀರ್ಘ ಇತಿಹಾಸವಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿದವು. ಫೋನು ಕೂಡ ಅಪರೂಪವಾಗಿದ್ದ ದಿನಗಳಲ್ಲಿ ಇವುಗಳನ್ನು ಕಟ್ಟಿದವರ ಬಂಡವಾಳ ಜನಸಂಪರ್ಕ ಒಂದೇ. ಯಾರ ಮನೆ ಎಲ್ಲಿ, ಯಾರ ಕಷ್ಟ ಏನು ಎಂದು ಬಲ್ಲವನೇ ನಾಯಕನಾಗುತ್ತಿದ್ದ. ಸದಸ್ಯರ ಪಟ್ಟಿ ಯಾರ ಕಪಾಟಿನಲ್ಲಿದೆಯೋ ಸಂಘದ ನಾಡಿಯೂ ಅವರ ಕೈಯಲ್ಲೇ ಇರುತ್ತಿತ್ತು.

ಯುವಕರು, ಮಹಿಳೆಯರು ಮುಂದೆ

ಈ ಚಿತ್ರ ಬದಲಾಗಲು ಒಂದು ದಶಕವೂ ಬೇಕಾಗಲಿಲ್ಲ. 2016ರಲ್ಲಿ 256 ಮಂದಿಗೆ ಸೀಮಿತವಾಗಿದ್ದ ವಾಟ್ಸಾಪ್ ಗುಂಪು 2022ರ ಹೊತ್ತಿಗೆ 1024 ಮಂದಿಯನ್ನು ಹಿಡಿಸುವಷ್ಟಾಯಿತು. ಸಾಧಾರಣ ಸ್ಥಳೀಯ ಸಮಿತಿಯೊಂದರ ಸದಸ್ಯರೆಲ್ಲ ಒಂದೇ ಗುಂಪಿನಲ್ಲಿ ಸೇರಬಹುದು. ಮಾರ್ಚ್ 2020ರಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಹೋಟೆಲುಗಳು ಬಾಗಿಲು ಮುಚ್ಚಿದಾಗ ಇದರ ಶಕ್ತಿ ಎಲ್ಲರ ಅರಿವಿಗೆ ಬಂತು. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾವ ಹಿರಿಯರಿಗೆ ಔಷಧಿ ಬೇಕು ಎಂಬ ಮಾಹಿತಿ ಮೊಬೈಲಿನಲ್ಲೇ ಸಂಗ್ರಹವಾಗತೊಡಗಿತು. ಸಭೆಗಳು ಝೂಮ್ ಪರದೆಗೆ ಬಂದವು. ಲೋಕಲ್ ರೈಲಿನ ಗುದ್ದಾಟದಿಂದಾಗಿ ಸಂಜೆಯ ಸಭೆಗೆ ಬರಲಾಗದಿದ್ದ ಗೃಹಿಣಿಯರಿಗೂ ಪಾಳಿಯ ನೌಕರಿಯ ಯುವಕರಿಗೂ ಮನೆಯಲ್ಲೇ ಕುಳಿತು ಮಾತಾಡುವ ಅವಕಾಶ ಸಿಕ್ಕಿತು. ನಿವೃತ್ತರಾಗಿ ಊರು ಸೇರಿದ ಹಿರಿಯರೂ ಚರ್ಚೆಯಲ್ಲಿ ಪಾಲ್ಗೊಳ್ಳುವಂತಾದುದು ಗಮನಾರ್ಹ.

ಜತೆಗೆ ನಾಯಕತ್ವದ ರೀತಿಯೂ ಬದಲಾಯಿತು. ಹಿಂದೆ ಸದಸ್ಯರ ಪ್ರಶ್ನೆ ವರ್ಷಕ್ಕೊಮ್ಮೆ, ಮಹಾಸಭೆಯಲ್ಲಿ. ಈಗ ರಾತ್ರಿ ಹನ್ನೊಂದು ಗಂಟೆಗೂ ಗುಂಪಿನಲ್ಲಿ ಪ್ರಶ್ನೆ ಬರುತ್ತದೆ, ಉತ್ತರ ತಡವಾದರೆ ಅನುಮಾನ ಹುಟ್ಟುತ್ತದೆ. ಅಧ್ಯಕ್ಷರು ವೇದಿಕೆಯಿಂದ ಮಾತಾಡಿ ಇಳಿದರೆ ಸಾಕಾಗುವುದಿಲ್ಲ, ಕೇಳಿದ್ದಕ್ಕೆ ಲೆಕ್ಕ ಕೊಡಬೇಕು.

ಕೋಶಾಧಿಕಾರಿಯ ಹೊಸ ಹೊಣೆ

ಹೆಚ್ಚಿನ ಬದಲಾವಣೆ ಕೋಶಾಧಿಕಾರಿಯ ಮೇಜಿನಲ್ಲಿ ಆಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಪೂಜೆಯ ಕಾಣಿಕೆಯೂ ಕ್ಯೂಆರ್ ಕೋಡಿನ ಮೂಲಕ ನೇರವಾಗಿ ಬ್ಯಾಂಕಿಗೆ ಸೇರುತ್ತಿದೆ. 80ಜಿ ವಿನಾಯಿತಿ ಪಡೆಯುವ ದಾನಿಗಳು 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಡುವಂತಿಲ್ಲ ಎಂಬ ನಿಯಮ 2017ರಲ್ಲಿ ಬಂತು. 2021–22ನೇ ಆರ್ಥಿಕ ವರ್ಷದಿಂದ, ಇಂಥ ವಿನಾಯಿತಿ ಇರುವ ಸಂಸ್ಥೆಗಳು ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಆನ್‌ಲೈನಿನಲ್ಲೇ ಸಲ್ಲಿಸಬೇಕಾಯಿತು. ರಶೀದಿ ಪುಸ್ತಕ ಹರಿದು ಕೊಟ್ಟರೆ ಕೆಲಸ ಮುಗಿಯುತ್ತಿದ್ದ ಕಾಲ ಸರಿದಿದೆ.

ಇಲ್ಲೇ ಒಂದು ಅಪಾಯವೂ ಅಡಗಿದೆ. ಗುಂಪಿನ ಅಡ್ಮಿನ್ ಯಾರು? ಇ-ಮೇಲಿನ ಪಾಸ್‌ವರ್ಡ್ ಯಾರಲ್ಲಿದೆ? ಬ್ಯಾಂಕಿನ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಮಹಾಸಭೆಯಲ್ಲಿ ಹೊಸ ಸಮಿತಿ ಆಯ್ಕೆಯಾಗಿ ಹಾರತುರಾಯಿಗಳ ವಿನಿಮಯವಾದರೂ ಈ ಮೂರು ಹಸ್ತಾಂತರವಾಗದಿದ್ದರೆ ಹೊಸ ಅಧ್ಯಕ್ಷರು ಹೆಸರಿಗೆ ಮಾತ್ರ ಅಧ್ಯಕ್ಷರು. ಟ್ರಸ್ಟ್ ಆಗಿ ನೋಂದಣಿಯಾದ ಸಂಸ್ಥೆಗಳು ಪದಾಧಿಕಾರಿಗಳ ಬದಲಾವಣೆಯನ್ನು 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಬೇಕೆಂದು 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯಿದೆ ಹೇಳುತ್ತದೆ. ಆದರೆ ಮೊಬೈಲಿನೊಳಗಿನ ಕೀಲಿಕೈ ಹಸ್ತಾಂತರಿಸುವ ಹೊಣೆ ಸಂಘದ ಮೇಲೆಯೇ ಇದೆ. ಹಳೆ ಕಾರ್ಯದರ್ಶಿ ಮುನಿಸಿಕೊಂಡರೆ, ಊರಿಗೆ ಹೋದರೆ, ಅಕಸ್ಮಾತ್ ತೀರಿಕೊಂಡರೆ ಹತ್ತಾರು ವರ್ಷಗಳ ದಾಖಲೆ ಒಂದು ಫೋನಿನಲ್ಲೇ ಉಳಿದುಬಿಡಬಹುದು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಮೊಬೈಲ್ ಸಂಖ್ಯೆ ಹಾಗೂ ಇ-ಮೇಲ್ ಸಂಘದ ಹೆಸರಿನಲ್ಲಿರಲಿ. ಗುಂಪಿಗೆ ಕನಿಷ್ಠ ಇಬ್ಬರು ಅಡ್ಮಿನ್‌ಗಳಿರಲಿ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಲಿ. ಅಧಿಕಾರ ಹಸ್ತಾಂತರದ ದಿನ ಇವೆಲ್ಲವೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.

ಮೊಬೈಲಿಲ್ಲದ ಮನೆ

ಇನ್ನೊಂದು ಮಾತು ಹಿರಿಯರದ್ದು. ಜೀವಮಾನವಿಡೀ ವರ್ಗಣಿ ಕಟ್ಟಿ ಸಂಘ ಬೆಳೆಸಿದ ಎಷ್ಟೋ ಮಂದಿಗೆ ಸ್ಮಾರ್ಟ್‌ಫೋನ್ ಒಗ್ಗಿಲ್ಲ. ಗುಂಪಿನಲ್ಲಿ ಇಲ್ಲದವರು ಸದಸ್ಯರೇ ಅಲ್ಲವೆಂಬಂತೆ ಆಗಬಾರದು. ಮಹಾಸಭೆಯ ಸುದ್ದಿ ಬಿಡಿ, ಜತೆಗೆ ದುಡಿದ ಗೆಳೆಯನ ನಿಧನದ ವಾರ್ತೆಯೂ ಅವರಿಗೆ ಮೂರು ದಿನ ತಡವಾಗಿ ತಿಳಿದರೆ ಸಂಘ ಇದ್ದೂ ಇಲ್ಲದಂತೆ. ಅಂಥವರ ಹೆಸರುಗಳ ಕಾಗದದ ಪಟ್ಟಿಯೊಂದು ಇರಬೇಕು. ಯುವ ವಿಭಾಗದ ಒಬ್ಬೊಬ್ಬರು ನಾಲ್ಕೈದು ಮನೆಗಳ ಹೊಣೆ ಹೊತ್ತು ನೋಟೀಸನ್ನು ಕೈಯಲ್ಲೇ ತಲಪಿಸಿದರೆ, ಆ ಮನೆಯ ಕಷ್ಟಸುಖ ಮತ್ತೆ ಸಮಿತಿಯ ಸಭೆಗೆ ಬರುತ್ತದೆ. ಮುಂದಿನ ಕಾರ್ಯದರ್ಶಿಗೂ ಜನರ ಪರಿಚಯ ಅಲ್ಲಿಂದಲೇ ಆರಂಭವಾಗುತ್ತದೆ.