ಸತ್ತ ಲೇಖಕ ಮರಳಿ ಬರೆದ ಕಥೆ

ತಮಿಳುನಾಡಿನ ತಿರುಚೆಂಗೋಡಿನ ಬೆಟ್ಟದ ಮೇಲೆ ಅರ್ಧನಾರೀಶ್ವರನ ದೇವಾಲಯವೊಂದಿದೆ. ಮೈಯ ಒಂದು ಭಾಗವನ್ನು ಹೆಣ್ಣಿಗೆ ಕೊಟ್ಟವನೆಂಬ ಅರ್ಥದಲ್ಲಿ ಆ ದೇವರಿಗೆ ‘ಮಾದೊರುಬಾಗನ್’ ಎಂಬ ಹೆಸರೂ ಉಂಟು. ಅದೇ ಹೆಸರಿನ ಕಾದಂಬರಿಯೊಂದನ್ನು ಪೆರುಮಾಳ್ ಮುರುಗನ್ 2010ರಲ್ಲಿ ಪ್ರಕಟಿಸಿದರು. ಅವರು ಆ ಸೀಮೆಯವರೇ. ನಾಮಕ್ಕಲ್ಲಿನ ಸರಕಾರಿ ಕಾಲೇಜಿನಲ್ಲಿ ತಮಿಳು ಅಧ್ಯಾಪಕರಾಗಿದ್ದವರು.

ಕಾಳಿ ಮತ್ತು ಪೊನ್ನ ಕಾದಂಬರಿಯ ದಂಪತಿಗಳು. ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಆದರೆ ವರ್ಷಗಳು ಉರುಳಿದರೂ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ನೆರೆಹೊರೆಯವರ ಕೊಂಕು, ಶುಭಕಾರ್ಯಗಳಲ್ಲಿ ಪೊನ್ನಳನ್ನು ದೂರವಿಡುವ ಹೆಂಗಸರು, ಕಾಳಿಗೆ ಎರಡನೆಯ ಮದುವೆಯ ಉಪದೇಶ—ಇವೆಲ್ಲ ನಮಗೂ ಅಪರಿಚಿತವೇನಲ್ಲ. ಹಿಂದಿನ ಕಾಲದಲ್ಲಿ ರಥೋತ್ಸವದ ಒಂದು ರಾತ್ರಿ ಮಕ್ಕಳಿಲ್ಲದ ಸ್ತ್ರೀ ಪರಪುರುಷನನ್ನು ದೇವರೆಂದೇ ಭಾವಿಸಿ ಕೂಡಬಹುದಾಗಿತ್ತು, ಹುಟ್ಟಿದ ಮಗು ದೇವರ ಪ್ರಸಾದವೆನಿಸುತ್ತಿತ್ತು ಎಂಬ ನಂಬಿಕೆಯೊಂದು ಕಥೆಯ ನಡುವೆ ಬರುತ್ತದೆ. ಗಂಡಹೆಂಡಿರ ಒಲವನ್ನು ಆ ರಾತ್ರಿ ಏನು ಮಾಡಿತೆಂಬುದೇ ಲೇಖಕರ ಚಿಂತೆ.

ನಾಲ್ಕು ವರ್ಷ ಯಾರೂ ಚಕಾರವೆತ್ತಲಿಲ್ಲ. 2014ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಪುಸ್ತಕಕ್ಕೆ ಬೆಂಕಿ ಬಿದ್ದಿತು. ದೇವರಿಗೂ ಊರಿನ ಹೆಣ್ಣುಮಕ್ಕಳಿಗೂ ಅಪಮಾನವಾಯಿತೆಂದು ಜಾತಿಸಂಘಗಳೂ ಹಿಂದೂ ಸಂಘಟನೆಗಳೂ ಎದ್ದು ನಿಂತವು. ಅಂಥ ಪದ್ಧತಿಗೆ ಆಧಾರವೆಲ್ಲಿ ಎಂದು ಕೇಳಿದವರೂ ಇದ್ದರು. ಕೇಳತಕ್ಕ ಪ್ರಶ್ನೆಯೇ, ಆದರೆ ಅದಕ್ಕೆ ಲೇಖನ ಬರೆಯಬೇಕೇ ಹೊರತು ಬೆಂಕಿಕಡ್ಡಿ ಗೀರಬೇಕೆ? ಅಂಬಿಕೆ, ಅಂಬಾಲಿಕೆಯರಿಗೆ ವ್ಯಾಸರಿಂದ ಸಂತಾನವಾದ ಪ್ರಸಂಗವನ್ನು ಮನೆಮಂದಿಯೆಲ್ಲ ಕುಳಿತು ಭಕ್ತಿಯಿಂದ ಕೇಳುವ ಸಮಾಜ ನಮ್ಮದು!

ಮುಂದಿನ ಮುದ್ರಣದಲ್ಲಿ ಊರಿನ ಹೆಸರನ್ನೇ ತೆಗೆಯುವೆನೆಂದು ಮುರುಗನ್ ಹೇಳಿ ನೋಡಿದರು. ಕಾವು ಇಳಿಯಲಿಲ್ಲ. 2015ರ ಜನವರಿ 12ರಂದು ಜಿಲ್ಲಾಡಳಿತವು ‘ಶಾಂತಿಸಭೆ’ಯೊಂದನ್ನು ಕರೆಯಿತು. ಬೇಷರತ್ತಾಗಿ ಕ್ಷಮೆ ಕೇಳಿ, ಮಾರಾಟವಾಗದ ಪ್ರತಿಗಳನ್ನು ಹಿಂತೆಗೆದುಕೊಳ್ಳುವುದಾಗಿ ಲೇಖಕರು ಅಲ್ಲಿ ರುಜು ಹಾಕಿದರು. ರಕ್ಷಣೆ ಕೊಡಬೇಕಾದವರೇ ರಾಜಿಪತ್ರವನ್ನು ಮುಂದಿಟ್ಟುದು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಖೇದಕರವಾಗಿ ತೋರುತ್ತದೆ. ಒಡನೆಯೇ ಮುರುಗನ್, ಲೇಖಕ ಪೆರುಮಾಳ್ ಮುರುಗನ್ ಸತ್ತನೆಂದು ಫೇಸ್‌ಬುಕ್ಕಿನಲ್ಲಿ ಸಾರಿದರು. ತಾನು ದೇವರಲ್ಲವಾದುದರಿಂದ ಮರಳಿ ಹುಟ್ಟುವುದಿಲ್ಲವೆಂದರು. ಬಳಿಕ ಊರು ಬಿಟ್ಟು ಚೆನ್ನೈ ಸೇರಿದರು.

2016ರ ಜುಲೈ 5ರಂದು ಮದರಾಸು ಉಚ್ಚ ನ್ಯಾಯಾಲಯದ ತೀರ್ಪು ಹೊರಬಿತ್ತು. ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ನ್ಯಾಯಮೂರ್ತಿ ಪುಷ್ಪಾ ಸತ್ಯನಾರಾಯಣ ಅವರ ಪೀಠವು, ಆ ಒಪ್ಪಂದ ಲೇಖಕರನ್ನು ಬಂಧಿಸದೆಂದೂ ಹಿಡಿಸದ ಪುಸ್ತಕವನ್ನು ಓದದೆ ಬಿಡುವ ಸ್ವಾತಂತ್ರ್ಯ ಓದುಗನಿಗೆ ಇದ್ದೇ ಇದೆಯೆಂದೂ ಹೇಳಿತು. ಲೇಖಕ ಮತ್ತೆ ಜೀವತಳೆದು ಬರೆಯಲಿ ಎಂದು ಹಾರೈಸಿತು.

ಮುರುಗನ್ ಬರೆದರು. ಆ ವರ್ಷವೇ ಮೊದಲು ಕವಿತೆಗಳು ಬಂದವು. ಸಂಕಲನಕ್ಕೆ ಅವರಿಟ್ಟ ಹೆಸರು, ಹೇಡಿಯ ಹಾಡುಗಳು. ಅನಂತರ ಬಂದುದು ‘ಪೂನಾಚ್ಚಿ’ ಎಂಬ ಕಾದಂಬರಿ. ಮನುಷ್ಯರನ್ನು ಕುರಿತು ಬರೆಯಲು ಭಯ, ದೇವರನ್ನು ಕುರಿತು ಇನ್ನೂ ಹೆಚ್ಚಿನ ಭಯವೆಂದು ಅದರ ಮುನ್ನುಡಿಯಲ್ಲಿ ಅವರು ಹೇಳಿಕೊಂಡಿದ್ದಾರೆ. ಅದರ ನಾಯಿಕೆ ಒಂದು ಕರಿಯ ಮೇಕೆಮರಿ.